ಮೋಟಾರಿನ ಸಂಸಾರ

ಜೊಯಿಡಾ
12 ನವೆಂಬರ್ 1961

ಪೂಜ್ಯ ಅಪ್ಪನವರಿಗೆ ಗುರುಬಸವ್ವಳ ಶರಣು.

ದೀಪಾವಳಿಗೆ ನಾವು ಹಳಿಯಾಳಕ್ಕೆ ಬರಲಿಲ್ಲ. ಅವ್ವ ಬಾಗಿಲಿಗೆ ಬಂದು ಬಂದು ದಾರಿ ನೋಡಿರುತ್ತಾಳೆ. ಯಾಕೆ ಬರಲಿಲ್ಲ ಎಂಬುದನ್ನು ನೀವು ಬಜಾರದಲ್ಲಿ ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆದು ತಿಳಿಸುತ್ತಿದ್ದೇನೆ.

ನಿಮ್ಮ ಅಳಿಯಂದಿರ ಕೆಲಸ ಹೋಯಿತು. ದಾಂಡೇಲಿಯಲ್ಲಿ ಅವರು ಬಿದಿರು ಸಾಗಿಸುವ ಗುತ್ತಿಗೆದಾರನ ಲಾರಿ ಓಡಿಸುತ್ತಿದ್ದರಲ್ಲ, ಆ ಲಾರಿಯ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ರಿಪೇರಿ ಮಾಡಿಸುವವರೆಗೆ ಘಟ್ಟದ ರಸ್ತೆಗೆ ಒಯ್ಯುವುದಿಲ್ಲ ಎಂದು ಇವರು ಹೇಳಿದರು. ಹಾಗಾದರೆ ನಿನಗೆ ನನ್ನಲ್ಲಿ ಕೆಲಸವಿಲ್ಲ ಎಂದು ಅವನು ಹೇಳಿದ. ನಾವು ಇದ್ದ ಖೋಲಿಯೂ ಅವನದೇ. ಅದೇ ವಾರ ಅದನ್ನೂ ಬಿಡಿಸಿದ.

ಈಗ ನಾವು ಇರುವುದು ಒಂದು ಮೋಟಾರಿನಲ್ಲಿ. ತಪ್ಪು ಓದಿದಿರೆಂದು ತಿಳಿಯಬೇಡಿ. ಓಡಿ ಓಡಿ ಹಳತಾಗಿ ಶೆಡ್ಡಿನ ಹಿಂದೆ ನಿಂತಿದ್ದ ಒಂದು ಸಣ್ಣ ಬಸ್ಸನ್ನು ಇವರು ಕೊಂಡು, ಎಂಜಿನ್ನು ಬಿಚ್ಚಿ ಮತ್ತೆ ಜೋಡಿಸಿದರು. ಒಳಗೆ ಕೂರುವ ಬಾಕುಗಳನ್ನು ಕಿತ್ತು ಒಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ನನ್ನ ಹೊಲಿಗೆಯ ಮಶೀನನ್ನು ಕಿಟಕಿಯ ಹತ್ತಿರ ನೆಲಕ್ಕೆ ಬೋಲ್ಟು ಹಾಕಿ ಬಿಗಿದಾಗಿದೆ. ಕಾಡಿನೊಳಗಿನ ಹಳ್ಳಿಗಳಲ್ಲಿ ಅಂಗಿ ಹೊಲಿಸಬೇಕೆಂದರೆ ಜನ ದಾಂಡೇಲಿಯ ತನಕ ನಡೆಯಬೇಕು. ಅವರು ನಡೆಯುವ ಬದಲು ನಾವೇ ಹೋಗುತ್ತೇವೆ. ಇವರು ಓಡಿಸುತ್ತಾರೆ, ನಾನು ಹೊಲಿಯುತ್ತೇನೆ. ಊಟ, ನಿದ್ದೆ, ಲಿಂಗಪೂಜೆ ಎಲ್ಲ ಅದರಲ್ಲೇ.

ಗತಿಯಿಲ್ಲದೆ ಹೀಗೆ ಮಾಡಿದೆವೆಂದು ಕನಿಕರ ಪಡಬೇಡಿ. ಖೋಲಿ ಬಿಡಿಸಿದವನು ಗುತ್ತಿಗೆದಾರ, ಮೋಟಾರನ್ನು ಹಿಡಿದವರು ನಾವು. ಜೊಯಿಡಾ ಪೋಸ್ಟಿಗೆ ಬರೆದರೆ ಪತ್ರ ಸಿಗುತ್ತದೆ.

ನಿಮ್ಮ ಮಗಳು,
ಗುರುಬಸವ್ವ


ಹಳಿಯಾಳ
28 ನವೆಂಬರ್ 1961

ಚಿ. ಸೌ. ಗುರುಬಸವ್ವಳಿಗೆ ತಂದೆ ನಾಗಲಿಂಗಪ್ಪನ ಆಶೀರ್ವಾದ.

ನಿನ್ನ ಪತ್ರ ಅಂಗಡಿಗೆ ಬಂತು. ಗಿರಾಕಿಗಳ ನಡುವೆಯೇ ಒಡೆದು ಓದಿದೆ. ಓದಬಾರದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಲಗಮಪ್ಪನಿಗೆ ನೌಕರಿ ಇದೆ, ಇರಲು ಜಾಗ ಇದೆ ಎಂದು ನೋಡಿ ನಿನ್ನನ್ನು ಕೊಟ್ಟೆ. ಅವನ ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಟ್ಟ ಲಾರಿ ಓಡಿಸಲಿಲ್ಲ, ಒಳ್ಳೆಯದೇ ಮಾಡಿದ. ಆದರೆ ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬರುವುದು ಬಿಟ್ಟು ಹೆಂಡತಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಕಾಡಿಗೆ ಹೋಗುವುದೆಂದರೇನು? ಮನೆ ಎಂದ ಮೇಲೆ ಹೊಸ್ತಿಲು ಇರಬೇಕು, ಅಕ್ಕಪಕ್ಕ ನಾಲ್ಕು ಮಂದಿ ಇರಬೇಕು. ಯಾವ ಊರವರು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತಿ? ಹಳಿಯಾಳದ ಬಟ್ಟೆ ಅಂಗಡಿ ನಾಗಲಿಂಗಪ್ಪನ ಮಗಳು ಊರೂರು ತಿರುಗಿ ಅಂಗಿ ಹೊಲಿಯುತ್ತಾಳೆಂದು ಜನ ಆಡಿಕೊಂಡರೆ ನಾನು ಗಾದಿಯ ಮೇಲೆ ಹೇಗೆ ಕೂರಲಿ?

ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ. ಇಬ್ಬರೂ ಬನ್ನಿ. ಅವನು ಅಂಗಡಿಯಲ್ಲಿ ಬಟ್ಟೆ ಅಳೆದುಕೊಂಡು ಇರಲಿ. ಆ ಮೋಟಾರನ್ನು ಗುಜರಿಗೆ ಹಾಕಿ ಬರಬೇಕು. ನಿನ್ನ ಅವ್ವನಿಗೆ ನಾನು ಇನ್ನೂ ಏನೂ ಹೇಳಿಲ್ಲ.

ನಾಗಲಿಂಗಪ್ಪ


ಕುಂಬಾರವಾಡ
10 ಜನವರಿ 1962

ಅಪ್ಪನವರಿಗೆ ಶರಣು.

ಇವರು ಅಂಗಡಿಯಲ್ಲಿ ಬಟ್ಟೆ ಅಳೆಯಲು ಕೂರುವುದಿಲ್ಲ. ನಾನೂ ಕೂರಗೊಡುವುದಿಲ್ಲ. ಚಕ್ರ ಹಿಡಿಯುವ ಕೈ ಅದು, ಗಜ ಹಿಡಿದರೆ ಸೊರಗುತ್ತದೆ.

ಮೋಟಾರಿನಲ್ಲಿ ಸಂಸಾರ ಮಾಡುವುದು ಬಂದ ದಿನವೇ ಬಂದುಬಿಡಲಿಲ್ಲ. ಮೊದಲ ತಿರುವಿನಲ್ಲೇ ಬೇಳೆಸಾರಿನ ಪಾತ್ರೆ ಮಗುಚಿ ಹೊದೆಯುವ ಕೌದಿಯ ಮೇಲೆ ಬಿತ್ತು. ಆ ಕೌದಿ ಒಗೆದರೂ ಇನ್ನೂ ಒಗ್ಗರಣೆಯ ವಾಸನೆ ಬಿಟ್ಟಿಲ್ಲ. ಎಂಜಿನ್ನು ಚಾಲೂ ಮಾಡುವ ಮೊದಲು ಮೇಲಿರುವುದೆಲ್ಲ ಕೆಳಗೆ ಬರಬೇಕು, ಕೆಳಗಿರುವುದಕ್ಕೆಲ್ಲ ಹಗ್ಗ ಬೀಳಬೇಕು, ಇದು ನಾನು ಕಲಿತ ಮೊದಲ ಪಾಠ. ಒಲೆಯನ್ನು ಒಳಗೆ ಹೂಡಿ ಕಣ್ಣು ಉರಿಸಿಕೊಂಡೆವು. ಈಗ ಎಲ್ಲಿ ನಿಂತರೂ ಹೊರಗೆ ಮೂರು ಕಲ್ಲು ಇಟ್ಟು ರೊಟ್ಟಿ ಬಡಿಯುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸಿ ಮಲಗಿದರೆ ಬೆಳಗ್ಗೆ ಇಬ್ಬರೂ ಒಂದೇ ಮೂಲೆಯಲ್ಲಿ ರಾಶಿಯಾಗಿರುತ್ತಿದ್ದೆವು. ಆಮೇಲೆ ಇವರು ತಟ್ಟೆಯಲ್ಲಿ ನೀರು ಹಾಕಿ ನೆಲದ ಮೇಲಿಟ್ಟು, ನೀರು ಯಾವ ಕಡೆ ಸರಿಯುತ್ತದೋ ಆ ಕಡೆಯ ಗಾಲಿಗೆ ಕಲ್ಲು ಕೊಡಲು ಶುರು ಮಾಡಿದರು. ಸ್ನಾನಕ್ಕೆ ಹಿಂಬದಿಯಲ್ಲಿ ಸೀರೆ ಕಟ್ಟಿಕೊಂಡಿದ್ದೇನೆ. ಮಂಗಗಳು ಮಾತ್ರ ಮೇಲಿನಿಂದ ನೋಡುತ್ತವೆ.

ಕುಂಬಾರವಾಡಕ್ಕೆ ಮೊದಲ ಸಲ ಬಂದಾಗ ಹುಡುಗರೆಲ್ಲ ಗದ್ದೆಯೊಳಗೆ ಓಡಿಹೋದರು. ಸಿಡುಬು ಬರದಂತೆ ದೇವಿ ಹಾಕುವ ಸರಕಾರದ ಮಂದಿ ಬಂದರೆಂದು ತಿಳಿದಿದ್ದರು. ದೊಡ್ಡವರೂ ಹತ್ತಿರ ಸುಳಿಯಲಿಲ್ಲ. ಇಡೀ ದಿನ ಮಶೀನಿನ ಮುಂದೆ ಸುಮ್ಮನೆ ಕುಳಿತೆ. ಸಂಜೆಯ ಹೊತ್ತಿಗೆ ಗೋದುಬಾಯಿ ಎಂಬಾಕೆ ಗಂಡನ ಹರಿದ ಕೋಟು ತಂದು, ಒಂದು ಮಾತೂ ಆಡದೆ ನನ್ನ ತೊಡೆಯ ಮೇಲೆ ಹಾಕಿದಳು. ಅವಳದು ಕೊಂಕಣಿ. ನನಗೆ ಬರುವ ಕೊಂಕಣಿ ಎಂದರೆ ನೀರು ಕೇಳಲು ಕಲಿತ ‘ಉದಕ’ ಒಂದೇ. ಅದನ್ನೇ ಅಂದೆ. ಅವಳು ನಕ್ಕು ಕೊಡ ತಂದು ಕೊಟ್ಟಳು. ಮರುದಿನ ಆರು ಹೆಂಗಸರು ಬಂದರು. ಈಗ ನಮ್ಮ ಮೋಟಾರಿನ ಸದ್ದು ಕೇಳಿದರೆ ಬಟ್ಟೆ ಹಿಡಿದುಕೊಂಡೇ ನಿಂತಿರುತ್ತಾರೆ. ಯಾವ ಊರವರು ಎಂದು ಯಾರೂ ಕೇಳಿಲ್ಲ. ಮತ್ತೆ ಯಾವಾಗ ಬರುತ್ತೀರಿ ಎಂದಷ್ಟೇ ಕೇಳುತ್ತಾರೆ.

ಅಪ್ಪಾ, ನೀವು ವರ್ಷವರ್ಷ ಉಳವಿಯ ಜಾತ್ರೆಗೆ ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೋಗುತ್ತೀರಿ. ದಾರಿಯುದ್ದಕ್ಕೂ ಮರದ ಕೆಳಗೆ ಅಡಿಗೆ, ಚಕ್ಕಡಿಯಲ್ಲಿ ನಿದ್ದೆ, ಹಳ್ಳದಲ್ಲಿ ಸ್ನಾನ. ಅದಕ್ಕೆ ಪುಣ್ಯ ಎನ್ನುತ್ತೀರಿ. ಅದನ್ನೇ ನಾವು ವರ್ಷವಿಡೀ ಮಾಡಿದರೆ ಮರ್ಯಾದೆ ಹೇಗೆ ಹೋಗುತ್ತದೆ? ನನಗೆ ತಿಳಿಯಲಿಲ್ಲ. ತಿಳಿದರೆ ಬರೆಯಿರಿ.

ಇನ್ನೊಂದು ಮಾತು. ಇದನ್ನು ಅವ್ವನಿಗೆ ಓದಿ ಹೇಳಲೇಬೇಕು. ಬರುವ ಆಷಾಢಕ್ಕೆ ಅವಳಿಗೆ ಮೊಮ್ಮಗು ಹುಟ್ಟುತ್ತದೆ.

ಗುರುಬಸವ್ವ


ಕುಂಬಾರವಾಡ
26 ಫೆಬ್ರವರಿ 1962

ಅಪ್ಪನವರಿಗೆ,

ಉಳವಿಯಿಂದ ನೀವು ಮನೆ ಮುಟ್ಟಿರುತ್ತೀರಿ. ಹೋಗುವಾಗ ನಮ್ಮ ಮೋಟಾರಿನ ಮುಂದೆಯೇ ನಿಮ್ಮ ಚಕ್ಕಡಿ ಹಾದುಹೋಯಿತು. ಹಿಂದೆ ಮುಂದೆ ಊರವರ ಚಕ್ಕಡಿಗಳ ಸಾಲು ಇತ್ತು. ನಾನು ಕಿಟಕಿಯಲ್ಲಿ ಒಂದು ಪೋಲಕ ಹೊಲಿಯುತ್ತಿದ್ದೆ. ನಿಮ್ಮನ್ನು ನೋಡಿ ಎದ್ದು ನಿಂತೆ. ನೀವು ಎತ್ತಿನ ಕೋಡು ನೋಡುತ್ತಿದ್ದಿರಿ.

ಅವ್ವ ಚಕ್ಕಡಿ ಹೊಡೆಯುವ ಶೇಖಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು: “ಶೇಖಪ್ಪಾ, ಚೂರು ನಿಂದರಸು.”

ನೀವು ಹೇಳಿದ್ದೂ ಕೇಳಿಸಿತು: “ಹೊಡಿ, ಮುಂದ ಹೊಡಿ.”

ಅವ್ವ ಹೊರಟ ಚಕ್ಕಡಿಯಿಂದಲೇ ಧುಮುಕಿದಳು. ಈ ವಯಸ್ಸಿನಲ್ಲಿ. ಕಾಲು ಉಳುಕಲಿಲ್ಲ, ಅದು ನಮ್ಮ ಪುಣ್ಯ. ಮೋಟಾರಿನೊಳಗೆ ಬಂದು ಪ್ರತಿಯೊಂದನ್ನೂ ಮುಟ್ಟಿ ನೋಡಿದಳು. ಡಬ್ಬಿ ಬಿಚ್ಚಿ ಹಿಟ್ಟು ಎಷ್ಟಿದೆ ನೋಡಿದಳು. ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. ಆಮೇಲೆ ಮಶೀನಿನ ಮುಂದೆ ಕುಳಿತು ಕಿಟಕಿಯಿಂದ ಹೊರಗೆ ನೋಡಿದಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಂದದ್ದು ಇಷ್ಟೇ: “ಗಾಳಿ ಭಾಳ ಛಲೋ ಬರತೈತಿ.”

ಅಷ್ಟರಲ್ಲಿ ನಿಮ್ಮ ಚಕ್ಕಡಿ ತಿರುವು ದಾಟಿ ಮರೆಯಾಗಿತ್ತು. ಇವರು ಬಿಟ್ಟು ಬರುತ್ತೇನೆಂದರೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಬಿಸಿಲಿನ ಧೂಳಿನಲ್ಲಿ ನಿಮ್ಮ ಹಿಂದೆ ನಡೆದಳು.

ನನ್ನನ್ನು ನೋಡದಿದ್ದರೆ ಬಿಡಿ, ನಾನು ತಡೆದುಕೊಳ್ಳುತ್ತೇನೆ. ಅವ್ವನನ್ನು ಬಿಟ್ಟು ಚಕ್ಕಡಿ ಹೊಡೆಸಿದಿರಲ್ಲ, ಅದನ್ನು ತಡೆದುಕೊಳ್ಳುವುದಿಲ್ಲ. ನೀವು ತಂದೆಯಾದರೂ ಹೇಳುತ್ತೇನೆ, ಅದು ಸರಿಯಲ್ಲ.

ಗುರುಬಸವ್ವ


ಹಳಿಯಾಳ
20 ಮಾರ್ಚ್ 1962

ಗುರುಬಸವ್ವಳಿಗೆ,

ತಂದೆಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆ. ಆಗಲಿ.

ನಮ್ಮ ಹಿಂದಿನ ಚಕ್ಕಡಿ ಯಾರದೆಂದು ನಿನಗೆ ಗೊತ್ತಿಲ್ಲ. ಮುಂಡಗೋಡದ ಕಡೆಯ ಪಾಳಾ ಊರಿನವರದು. ನಿನ್ನ ತಂಗಿ ಹೊಳೆವ್ವಳನ್ನು ಅವರ ಮಗನಿಗೆ ಕೇಳಿದ್ದಾರೆ. ಹೊಲ, ಮನೆ, ಎತ್ತು ಎಲ್ಲ ಇರುವ ಜನ. ಹಿರಿಯ ಮಗಳು ಎಲ್ಲಿದ್ದಾಳೆ ಎಂದು ಕೇಳಿದಾಗ ದಾಂಡೇಲಿಯಲ್ಲಿದ್ದಾಳೆ ಎಂದಿದ್ದೆ. ಅವರ ಕಣ್ಣೆದುರಿಗೆ ಆ ಮೋಟಾರಿನ ಮುಂದೆ ಹೇಗೆ ನಿಲ್ಲಲಿ? ನಿನ್ನ ಅವ್ವ ಇಳಿದಾಗ, ಯಾರೋ ಪರಿಚಯದವರು ಎಂದು ಹೇಳಿ ಸುಧಾರಿಸಿದೆ.

ಇನ್ನು ನಿನ್ನ ವಿಷಯ. ಚೊಚ್ಚಲ ಬಾಣಂತನ ತವರಿನ ಹಕ್ಕು. ಏಳನೆಯ ತಿಂಗಳು ಬೀಳುತ್ತಲೇ ನೀನು ಇಲ್ಲಿಗೆ ಬರಬೇಕು. ದಾಂಡೇಲಿಗೆ ಶೇಖಪ್ಪನನ್ನು ಕಳಿಸುತ್ತೇನೆ. ನೀನೊಬ್ಬಳೇ ಬಾ. ಹೊಳೆವ್ವಳ ಮಾತುಕತೆ ಮುಗಿಯುವವರೆಗೆ ಲಗಮಪ್ಪ ದೂರವೇ ಇರಲಿ. ಮೋಟಾರು ಮಾತ್ರ ಹಳಿಯಾಳದ ಸೀಮೆಯೊಳಗೆ ಬರಕೂಡದು.

ಇದು ಬರೀ ಮರ್ಯಾದೆಯ ಮಾತಲ್ಲ. ನಿನಗಿಂತ ಮೊದಲು ಹುಟ್ಟಿದ ಗಂಡುಮಗು ಒಂದು ದಿನವೂ ಬದುಕಲಿಲ್ಲ. ಡಾಕ್ಟರು ದೂರದಲ್ಲಿದ್ದರು, ನಾವು ಹೊಲದ ಮನೆಯಲ್ಲಿದ್ದೆವು. ಕಾಡಿನಲ್ಲಿ ನಿನಗೆ ನೋವು ಬಂದರೆ ಯಾರನ್ನು ಕರೆಯುತ್ತಿ? ನನ್ನ ಮೇಲಿನ ಸಿಟ್ಟಿಗೆ ಮಗುವನ್ನು ಪಣಕ್ಕೆ ಇಡಬೇಡ.

ನಾಗಲಿಂಗಪ್ಪ


ಕುಂಬಾರವಾಡ
8 ಏಪ್ರಿಲ್ 1962

ಅಪ್ಪನವರಿಗೆ ಶರಣು.

ಅಣ್ಣನ ಮಾತು ನೀವು ಎಂದೂ ಎತ್ತಿರಲಿಲ್ಲ. ಅದನ್ನು ಓದಿದ ಮೇಲೆ ನಿಮ್ಮ ಮೇಲೆ ಮೊದಲಿನಷ್ಟು ಸಿಟ್ಟು ಮಾಡಲು ಆಗುತ್ತಿಲ್ಲ. ಭಯ ನನಗೂ ಇದೆ. ದಾಂಡೇಲಿಯ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಿದ್ದೇನೆ. ಎಲ್ಲ ಸರಿಯಾಗಿದೆ ಎಂದು ಹೇಳಿದ್ದಾರೆ. ದಿನ ಹತ್ತಿರವಾದಾಗ ಮೋಟಾರನ್ನು ಆಸ್ಪತ್ರೆಯ ಹತ್ತಿರವೇ ಒಯ್ದು ನಿಲ್ಲಿಸಬೇಕೆಂದು ಮಾತಾಡಿಕೊಂಡಿದ್ದೇವೆ.

ಆದರೆ ಗಂಡನನ್ನು ಊರ ಹೊರಗೆ ಬಿಟ್ಟು, ಏನೋ ಕದ್ದವಳಂತೆ ತವರಿಗೆ ಬರುವವಳು ನಾನಲ್ಲ. ಆ ಮನುಷ್ಯ ಬೇರೆಯವರ ಜೀವ ಹೋಗಬಾರದೆಂದು ತನ್ನ ಅನ್ನ ಬಿಟ್ಟವನು. ಅಂಥವನನ್ನು ಬಚ್ಚಿಡಬೇಕಾದ ಮನೆ ನನಗೆ ಬೇಡ. ಶೇಖಪ್ಪನನ್ನು ಕಳಿಸಬೇಡಿ, ಎತ್ತುಗಳಿಗೆ ಸುಮ್ಮನೆ ದಣಿವು.

ಹೊಳೆವ್ವಳಿಗೆ ನಾನು ಅಡ್ಡವಾದೆನೆ? ಅದನ್ನು ಅವಳ ಬಾಯಿಂದ ಕೇಳಿದರೆ ನಂಬುತ್ತೇನೆ. ಅವಳನ್ನು ಕೇಳಿದ್ದೀರಾ?

ಗುರುಬಸವ್ವ


ಹಳಿಯಾಳ
25 ಜೂನ್ 1962

ಗುರುಬಸವ್ವಳಿಗೆ,

ನಿನ್ನ ಅವ್ವ ಮುಂಜಾನೆಯಿಂದ ಮನೆಯಲ್ಲಿಲ್ಲ. ಹೊಳೆವ್ವ ಬಾಯಿ ಬಿಡುತ್ತಿಲ್ಲ. ಅಡಿಗೆ ಮಾಡಿ ಮುಚ್ಚಿಟ್ಟು ಹೋಗಿದ್ದಾಳೆ. ಮಳೆ ಹಿಡಿದಿದೆ. ಅಲ್ಲಿಗೆ ಬಂದಿದ್ದರೆ ಕೂಡಲೇ ತಿಳಿಸು.

ನಾಗಲಿಂಗಪ್ಪ


ಕುಂಬಾರವಾಡ
29 ಜೂನ್ 1962

ಅಪ್ಪನವರಿಗೆ,

ಅವ್ವ ಇಲ್ಲಿದ್ದಾಳೆ. ಜೊಯಿಡಾದವರೆಗೆ ಬಸ್ಸು, ಅಲ್ಲಿಂದ ಮುಂದೆ ಯಾವುದೋ ಕಟ್ಟಿಗೆ ಲಾರಿಯಲ್ಲಿ ಡ್ರೈವರನ ಪಕ್ಕ ಕುಳಿತು ಬಂದಿದ್ದಾಳೆ. ಪೂರ್ತಿ ನೆನೆದಿದ್ದಳು. ಬಾಣಂತಿಗೆಂದು ತಂದ ಅಂಟಿನ ಉಂಡಿ ಮಾತ್ರ ನೆನೆದಿರಲಿಲ್ಲ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ತಿರುಗಿ ಕಳಿಸು ಎಂದು ನೀವೂ ಬರೆಯಬೇಡಿ.

ಗುರುಬಸವ್ವ


ಕುಂಬಾರವಾಡ
5 ಆಗಸ್ಟ್ 1962

ಗುರುಬಸವ್ವ, ಹೊಳೆವ್ವ ಇವರ ತಂದೆಯವರಿಗೆ ಶಿವಗಂಗವ್ವ ಮಾಡುವ ಶರಣು.

ನನಗೆ ಬರೆಯಲು ಬರುವುದಿಲ್ಲವೆಂದು ನಿಮಗೆ ಗೊತ್ತು. ಲಗ್ನವಾದಾಗಿನಿಂದ ನಿಮಗೆ ಪತ್ರ ಬರೆಯುವ ಪ್ರಸಂಗವೂ ಬಂದಿರಲಿಲ್ಲ, ಒಂದು ದಿನವಾದರೂ ನಿಮ್ಮನ್ನು ಬಿಟ್ಟು ಬೇರೆ ಇದ್ದಿದ್ದರೆ ತಾನೆ. ಗುರುಬಸವ್ವ ಬರೆಯುತ್ತಿದ್ದಾಳೆ. ನನ್ನ ಮಾತನ್ನು ಕಾಗದದ ಭಾಷೆಗೆ ಹಾಕು, ಆದರೆ ಮೆತ್ತಗೆ ಮಾಡಬೇಡ ಎಂದು ಹೇಳಿದ್ದೇನೆ.

ಹೆಣ್ಣುಮಗು ಹುಟ್ಟಿದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮೊದಲು ಅದನ್ನು ಓದಿಕೊಳ್ಳಿ, ಉಸಿರು ಬಿಡಿ, ಆಮೇಲೆ ಮುಂದಿನದು.

ದಾಂಡೇಲಿಗೆ ಹೋಗುವ ತಯಾರಿಯಲ್ಲಿದ್ದೆವು. ಹಗ್ಗ ಬಿಗಿದು ಡಬ್ಬಿಗಳನ್ನೆಲ್ಲ ಕೆಳಗಿಟ್ಟಾಗಿತ್ತು. ಆದರೆ ಹೇಳಿದ ದಿನಕ್ಕಿಂತ ಮೊದಲೇ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತು, ಆದರೂ ದೀಪ ಹಚ್ಚಬೇಕಾದಂಥ ಮಳೆ. ಅಳಿಯ ಮೋಟಾರನ್ನು ಮೊಟ್ಟೆಯ ಮೇಲೆ ನಡೆಸಿದಂತೆ ನಡೆಸಿದ. ಊರ ಹೊರಗಿನ ಹಳ್ಳಕ್ಕೆ ಬಂದರೆ ರಸ್ತೆಯೇ ಇಲ್ಲ. ಕೆಂಪು ನೀರು, ಅದರಲ್ಲಿ ಬುಡಸಮೇತ ತೇಲಿಹೋಗುವ ಬಿದಿರು. ಗುರುಬಸವ್ವ ನನ್ನ ಕೈ ಹಿಡಿದುಕೊಂಡು, ಅಪ್ಪ ಹೇಳಿದ್ದು ಖರೆ ಆಯ್ತೇನವ್ವಾ ಎಂದು ಕೇಳಿದಳು. ಇದನ್ನು ಬರೆಯಲು ಅವಳು ಒಪ್ಪಲಿಲ್ಲ, ನಾನೇ ಒತ್ತಾಯದಿಂದ ಬರೆಸುತ್ತಿದ್ದೇನೆ. ಅವಳ ಜಂಬ ನಿಮ್ಮದೇ, ಅದರೊಳಗಿನ ಭಯವೂ ನಿಮ್ಮದೇ.

ನನಗೂ ಆ ಹೊಲದ ಮನೆ ಕಣ್ಣಿಗೆ ಕಟ್ಟಿತು. ನಮ್ಮ ಗಂಡುಮಗು ಹೋದ ದಿನ ನೀವು ಅತ್ತಿರಿ. ನನಗೆ ಸುಮ್ಮನಿರು ಎಂದು ಹೇಳಿದಿರಿ. ನಾನು ಸುಮ್ಮನಿದ್ದೆ. ಈ ಹಳ್ಳದ ದಂಡೆಯ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ಅಳಿಯನಿಗೆ ಹೇಳಿದೆ, ಇಲ್ಲೇ ನಿಲ್ಲಿಸು, ಗಾಲಿಗೆ ಕಲ್ಲು ಕೊಡು, ಓಡಿಹೋಗಿ ಗೋದುಬಾಯಿಯನ್ನು ಕರೆದುಕೊಂಡು ಬಾ.

ಅವನು ಮಳೆಯಲ್ಲಿ ಓಡಿದ. ಗೋದುಬಾಯಿ ಮಳೆ ತಡೆಯುವ ಎಲೆಯ ಗೊರಬು ಹೊದ್ದು ತನ್ನ ಸೊಸೆಯನ್ನೂ ಕರೆದುಕೊಂಡು ಬಂದಳು. ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ಒಂದೂ ತಿಳಿಯದು. ಆದರೆ ಹೆರಿಗೆಯಲ್ಲಿ ಯಾವ ಮಾತು ಬೇಕು? ನೀರು ಕಾಯಿಸಿದೆವು, ಬೆನ್ನು ತಿಕ್ಕಿದೆವು. ಮಶೀನಿನ ಮೇಲಿದ್ದ ಹೊಸ ಬಟ್ಟೆಯನ್ನೇ ಹರಿದೆವು. ಮೋಟಾರಿನ ಹಳೆಯ ಮಾಡಿಗೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಕಿತ್ತು ಒಳಗೆ ಸೋರತೊಡಗಿದಾಗ ಅಳಿಯ ಮೇಲೆ ಹತ್ತಿ ಅದನ್ನು ಮೈಯಿಂದ ಒತ್ತಿ ಹಿಡಿದುಕೊಂಡು ಬೋರಲು ಮಲಗಿದ. ಮಗುವಿನ ಅಳು ಕೇಳುವವರೆಗೆ ಇಳಿಯಲಿಲ್ಲ. ಆಮೇಲೂ, ಇಬ್ಬರೂ ಅದಾರೇನ್ರಿ ಎಂದು ಮೇಲಿನಿಂದಲೇ ಕೇಳಿದ. ಗುರುಬಸವ್ವ ಹುಟ್ಟಿದಾಗ ನೀವು ಅಂಗಡಿಯಲ್ಲಿದ್ದಿರಿ. ದೂರುತ್ತಿಲ್ಲ, ಗಂಡಸರು ಅಲ್ಲಿಯೇ ಇರುವುದು ಎಂದು ನಾನೂ ತಿಳಿದಿದ್ದೆ.

ತೊಟ್ಟಿಲನ್ನು ಮೋಟಾರಿನ ಸರಳಿಗೆ ಕಟ್ಟಿದ್ದೇವೆ. ಹೆಸರೂ ಇಟ್ಟಾಯಿತು, ಉಳವವ್ವ ಎಂದು. ನಾನು ಇಲ್ಲಿಗೆ ಬಂದಾಗಿನಿಂದ ನಿಮ್ಮ ಪತ್ರಕ್ಕೆ ದಾರಿ ನೋಡಿದೆವು, ಒಂದೂ ಬರಲಿಲ್ಲ. ಮಗುವನ್ನು ಹೆಸರಿಲ್ಲದೆ ಇಡಲಾಗುತ್ತದೆಯೆ? ಊರಿನ ಹೆಂಗಸರು ಬಂದು ಅವರ ಹಾಡು ಹಾಡಿದರು, ನಾನು ನಮ್ಮ ಹಾಡು ಹಾಡಿದೆ.

ಹೊಳೆವ್ವಳನ್ನು ಬೈಯಬೇಡಿ. ನನ್ನನ್ನು ಬಸ್ಸು ಹತ್ತಿಸಿದವಳು ಅವಳೇ. ಪಾಳಾದವರು ಈ ಮೋಟಾರಿನ ಕಾರಣಕ್ಕೆ ಬೇಡ ಎನ್ನುವುದಾದರೆ ಈಗಲೇ ಬೇಡ ಎನ್ನಲಿ ಎಂದು ಅವಳೇ ಹೇಳಿದ್ದಾಳೆ. ನಿಮಗೆ ಹೇಳುವ ಧೈರ್ಯ ಅವಳಿಗೆ ಸಾಲದು, ಆದ್ದರಿಂದ ನಾನು ಹೇಳುತ್ತಿದ್ದೇನೆ. ಅವರಿಗೆ ಖರೆ ಸಂಗತಿ ತಿಳಿಸಿಬಿಡಿ. ಅಂದು ಚಕ್ಕಡಿ ಇಳಿದು ನಾನು ಹೋಗಿದ್ದು ಪರಿಚಯದವರ ಹತ್ತಿರವಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹತ್ತಿರ.

ನನಗೆ ಇಲ್ಲಿ ಕಷ್ಟವಿದೆಯೆಂದು ತಿಳಿಯಬೇಡಿ. ಸೌದೆ ಹಸಿ, ರಕ್ತ ಹೀರುವ ಉಂಬಳ ಕಾಲು ಬಿಡುವುದಿಲ್ಲ, ಕೌದಿ ಒಣಗುವುದಿಲ್ಲ. ಆದರೂ ಬೆಳಗ್ಗೆ ಎದ್ದು ಕಿಟಕಿಯ ತಾಡಪತ್ರಿ ಸರಿಸಿದರೆ ಎದುರಿಗೆ ಗುಡ್ಡ ಪೂರ್ತಿ ಕಾಣುತ್ತದೆ. ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಇಷ್ಟು ವರ್ಷ ಪಕ್ಕದವರ ಗೋಡೆ ನೋಡಿದ್ದೇನೆ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮಗಳ ಪತ್ರ ಬಂದಾಗೆಲ್ಲ ನಿಮಗೆ ಬೇಕಾದಷ್ಟನ್ನೇ ನನಗೆ ಓದಿ ಹೇಳಿದಿರಿ, ಅದೂ ಈಗ ಗೊತ್ತಾಗಿದೆ. ಅಳಿಯ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದ.

ಇನ್ನು ಮುಂದಿನದನ್ನು ಕಾಗದದ ಭಾಷೆಗೆ ಹಾಕಬೇಡ, ನಾನು ಅಂದಂತೆಯೇ ಬರೆ ಎಂದು ಗುರುಬಸವ್ವಳಿಗೆ ಹೇಳಿದ್ದೇನೆ.

“ಕೂಸಿನ ಕುತ್ತಿಗಿ ನಿಂತ ಮ್ಯಾಲೆ ನಾವೆಲ್ಲಾರೂ ಹಳಿಯಾಳಕ್ಕ ಬರ್ತೇವಿ. ಹಾಡಹಗಲಾಗ ಬರ್ತೇವಿ, ಬಜಾರದಾಗ ಹಾದು ಬರ್ತೇವಿ. ಅಳಿಯಾ ಮೋಟಾರು ಹೊಡೀತಾನ, ನಾ ಅಂವನ ಬಾಜೂಕ ಕೂಸಿನ್ನ ಹಿಡಕೊಂಡು ಕುಂತಿರ್ತೇನಿ. ಮಂದಿ ನೋಡ್ತಾರ, ನೋಡ್ಲಿ. ಮೋಟಾರು ನಮ್ಮ ಬಾಗಲಾ ಮುಂದ ನಿಂದರತೈತಿ. ನೀವು ಹೊರಗ ಬಂದು, ನಾಲ್ಕು ಮಂದಿ ಕೇಳೂಹಂಗ ಅಳಿಯನ್ನ ಒಳಗ ಕರೀಬೇಕು. ಕರದ್ರ, ಎಲ್ಲಾರಕಿಂತ ಮೊದಲ ನಾನ ಒಳಗ ಬಂದು ಒಲಿ ಹಚ್ಚತೇನಿ. ಕರೀದಿದ್ರ ನಾನೂ ಇಳಿಯೂದಿಲ್ಲ.”

ಶಿವಗಂಗವ್ವ